ಡ್ರೈವರ್ ಪಕ್ಕದ ಜಾಗ

ತಳಿ ಎಂಬ ಊರಿನ ಹೂದೋಟಗಳಿಗೆ ಹೂ ಬಿಡಿಸಲು ಹೋಗುವ ನಮ್ಮ ಜೀಪಿನಲ್ಲಿ ಹೊಸದಾಗಿ ಸೇರಿದವಳು ಡ್ರೈವರ್ ಪಕ್ಕ ಕೂರಬೇಕೆಂಬುದು ರೂಢಿ. ಗೇರು ಹಾಕುವ ನೆಪದಲ್ಲಿ ಅವನ ಕೈ ಎಲ್ಲಿಗೆ ಹೋಗುತ್ತದೆಂದು ಹಿಂದೆ ಕೂತ ಹೆಂಗಸರಿಗೆಲ್ಲ ಗೊತ್ತು. ಮೊನ್ನೆ ಹೊಸದಾಗಿ ಸೇರಿದ ನನ್ನ ಸೊಸೆ ಆ ಕೈಯನ್ನು ತಳ್ಳಿ, ಜೀಪು ನಿಲ್ಲಿಸಲು ಹೇಳಿ ಕಾಡಂಚಿನಲ್ಲೇ ಇಳಿದಳು. ನಾನೂ ಇಳಿದೆ.

“ಅವ್ನ ಕೈಯೇ ಹಂಗೆ ಕಣಮ್ಮಿ, ನಾವೇನು ಸವೆದೋದ್ವಾ?” ಎಂದು ಒಬ್ಬಳು ನಕ್ಕಳು.

“ಅಕ್ಕಾ, ಇಲ್ಲಿ ಆನೆ ಓಡಾಡ್ತವೆ. ಸೊಸೆಗೆ ಬುದ್ಧಿ ಹೇಳಿ ಹತ್ಸು,” ಎಂದು ಇನ್ನೊಬ್ಬಳು ಗದರಿದಳು.

“ನಾವು ನಡ್ಕೊಂಡೇ ಬತ್ತೀವಿ,” ಎಂದೆ.

ಅಂದಿನಿಂದ ಇಬ್ಬರೂ ಬೇಗ ಎದ್ದು ನಡೆದೇ ಹೋಗುತ್ತೇವೆ. ಇವತ್ತು ಜೀಪು ನಮ್ಮನ್ನು ದಾಟದೆ, ಹೆದರಿಸುವಂತೆ ಬೆನ್ನ ಹಿಂದೆಯೇ ನಿಧಾನವಾಗಿ ಬಂತು. ಒಳಗಿದ್ದ ಹೆಂಗಸರೆಲ್ಲ ಕಾಡಿನ ಕಡೆಗೆ ಮುಖ ತಿರುಗಿಸಿಕೊಂಡರು.