ಮೆರವಣಿಗೆಯಲ್ಲಿ ಸಿಕ್ಕ ಕಾಫಿ ಹಣ್ಣು

ಶಕುನ, ಮೈಮೇಲೆ ಬರೋದು, ಕನಸಲ್ಲಿ ಬಂದು ಹೇಳೋದು, ಇಂಥದ್ದನ್ನು ಯಾರಾದರೂ ಹೇಳಿದರೆ ಅವರ ಮುಖದ ಮೇಲೇ ನಕ್ಕುಬಿಡುತ್ತಿದ್ದವಳು ನಾನು. ನರ್ಸ್ ಕೆಲಸ ನನ್ನದು; ಜ್ವರ ನೆತ್ತಿಗೇರಿದವರು ಏನೇನು ಕಂಡೆ ಅಂತಾರೋ ಎಲ್ಲ ಕೇಳಿದ್ದೇನೆ. ಈಗಲೂ ನಂಬುತ್ತೇನೆ ಅಂತ ಹೇಳೋಕಾಗಲ್ಲ. ನಗೋದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ತವರು ಅರಸೀಕೆರೆ, ಕೊಬ್ಬರಿ ವ್ಯಾಪಾರದ ಮನೆ. ಒಂಬತ್ತು ವರ್ಷದಿಂದ ಜರ್ಮನಿಯ ಕಲೋನ್ ನಗರದ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಿದ್ದೇನೆ. ಅಕ್ಕ ಗಿರಿಜಾಳನ್ನು ಹಳೇಬೀಡಿನ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಅವಳು ಅಲ್ಲಿ ಪಂಚಾಯಿತಿ ಮೆಂಬರ್. ಅವಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಸಾಲದ್ದಕ್ಕೆ ಸೋಮವಾರದ ಒಪ್ಪತ್ತು! "ಈಶ್ವರ ನೋಡ್ಕೋತಾನೆ ಕಣೇ" ಅಂತ ಇಂಜೆಕ್ಷನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಕೂರುವ ಮಹಾತಾಯಿ. ಹಾಗೆ ಕೂತರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಪ್ರಾಣಕ್ಕೇ ಕುತ್ತು. ಅದಕ್ಕೇ ಪ್ರತಿ ಸೋಮವಾರ ನಾನು ಫೋನ್ ಮಾಡಿ, ಬೈದು, ಬಾಳೆಹಣ್ಣೋ ಅವಲಕ್ಕಿಯೋ ತಿನ್ನಿಸಬೇಕು.

ಆ ವರ್ಷ ಪಂಚಾಯಿತಿ ಅಧ್ಯಕ್ಷರ ಚುನಾವಣೆ ಬಂತು. ನಮ್ಮ ಕಡೆ ಇದು ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತಲ್ಲ. ಮೆಂಬರುಗಳು ಎದುರು ಗುಂಪಿಗೆ ಹಾರಬಾರದು ಅಂತ ವ್ಯಾನಿಗೆ ತುಂಬಿಕೊಂಡು, ಫೋನ್ ಕಿತ್ತಿಟ್ಟುಕೊಂಡು, ಟೂರ್ ಹೊರಡಿಸುತ್ತಾರೆ. ವೋಟು ಇದ್ದದ್ದು ಮಂಗಳವಾರ. ಶನಿವಾರದಿಂದಲೇ ಅಕ್ಕನ ಫೋನ್ ಸ್ವಿಚ್ ಆಫ್. ಭಾವನನ್ನು ಕೇಳಿದರೆ, "ಗೋಕರ್ಣದ ಕಡೆ ಅಂದ್ರಮ್ಮ. ಏನೂ ಆಗಲ್ಲ ಬಿಡು, ಜೊತೇಲಿ ಹೆಂಗಸ್ರೂ ಅವ್ರೆ" ಅಂದರು. ಹೆಂಗಸರಿದ್ದರೆ ಏನು ಬಂತು, ಸೋಮವಾರ ಬರ್ತಿದೆಯಲ್ಲ!

ಆ ಸೋಮವಾರವೇ ಕಲೋನಿನ ಕಾರ್ನಿವಲ್ ಮೆರವಣಿಗೆ. ಊರಿಗೆ ಊರೇ ವೇಷ ಕಟ್ಟಿ ಕುಣಿಯುತ್ತದೆ. ಅಲ್ಲಿಯ ಮಂತ್ರಿಗಳನ್ನು ಗೇಲಿ ಮಾಡುವ ಬೊಂಬೆಗಳು, ಗಾಡಿಗಳ ಮೇಲಿಂದ ಎರಚುವ ಚಾಕೊಲೇಟು. ನಾನು ಆಶ್ರಮದ ಒಬ್ಬ ಅಜ್ಜಿಯನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ತಲೆ ಮೇಲೆ ಕಾಗದದ ಹೂವಿನ ಟೋಪಿ, ಕೈಯಲ್ಲಿ ಫೋನು. ಒತ್ತುತ್ತಲೇ ಇದ್ದೆ. ಸ್ವಿಚ್ ಆಫ್, ಸ್ವಿಚ್ ಆಫ್. ಸುತ್ತ ಅಷ್ಟು ನಗು ಕೇಳಿ ನನಗೆ ಸಿಟ್ಟೇ ಬರುತ್ತಿತ್ತು.

ಆಗ ಮರದ ಮುಖವಾಡ ಹಾಕಿದ ಒಂದು ಹೆಂಗಸಿನ ವೇಷ ಸಾಲು ಬಿಟ್ಟು ನೇರ ನನ್ನ ಹತ್ತಿರ ಬಂತು. ಅಜ್ಜಿಗೆ ಒಂದು ಚಾಕೊಲೇಟ್ ಕೊಟ್ಟಿತು. ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಏನೋ ಇಟ್ಟು ಮುಚ್ಚಿ, ಜನರೊಳಗೆ ಹೋಯಿತು. ಕೈ ತೆರೆದರೆ ಕಾಫಿ ಹಣ್ಣು. ಈಗಷ್ಟೇ ಗಿಡದಿಂದ ಕಿತ್ತಂಥ ನಾಲ್ಕೈದು ಕೆಂಪು ಹಣ್ಣು, ಒಂದು ಹಸಿರೆಲೆ. ಫೆಬ್ರವರಿಯ ಆ ಹಾಳು ಚಳಿಯಲ್ಲಿ!

ಯೋಚನೆ ಮಾಡಿ ಮಾಡಿದ್ದಲ್ಲ. ಹಣ್ಣನ್ನು ಜೇಬಿಗೆ ಹಾಕಿಕೊಂಡು ಭಾವನಿಗೆ ಫೋನ್ ಮಾಡಿ ಕಿರುಚಿದೆ: "ಭಾವ, ಅವರು ಗೋಕರ್ಣದಲ್ಲಿಲ್ಲ. ಕಾಫಿ ತೋಟದಲ್ಲಿದ್ದಾರೆ. ಈಗಲೇ ಹೊರಡಿ!" ಗುಂಪಿನ ಮುಖಂಡರ ಬೀಗರ ಕಾಫಿ ತೋಟ ಬಿಕ್ಕೋಡಿನ ಹತ್ತಿರ ಇರೋದು ಭಾವನಿಗೆ ಗೊತ್ತಿತ್ತು. ನನ್ನ ಅಳು ಕೇಳಿಯೇ ಹೊರಟರೋ ಏನೋ, ಸ್ನೇಹಿತರ ಜೀಪ್ ಹತ್ತಿದರು.

ಅಕ್ಕ ಅಲ್ಲೇ ಇದ್ದಳು. ಹಿಂದಿನ ಕೋಣೆಯಲ್ಲಿ ಬೆವರಲ್ಲಿ ತೊಯ್ದು, ಪ್ರಜ್ಞೆ ಇಲ್ಲದೆ. ಉಪವಾಸದ ಸುಸ್ತು, ಮಲಗಿದ್ದಾಳೆ ಅಂತ ಉಳಿದವರೆಲ್ಲ ಸುಮ್ಮನಿದ್ದರಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು.

ಸಂಜೆ ಜೇಬು ತಡಕಿದರೆ ಹಣ್ಣಿಲ್ಲ. ಎಲ್ಲಾದರೂ ಬಿತ್ತೋ ಏನೋ. ಅಂಗೈ ಮಾತ್ರ ಅಂಟಂಟಾಗಿತ್ತು. ಅಜ್ಜಿಯನ್ನು ಕೇಳಿದೆ, ವೇಷ ಬಂದದ್ದು, ನನ್ನ ಕೈ ಹಿಡಿದದ್ದು ಅವರೂ ನೋಡಿದ್ದರು. ಕೊಟ್ಟದ್ದೇನು ಅಂತ ನೋಡಿರಲಿಲ್ಲ.

ಮಂಗಳವಾರ ಅಕ್ಕ ಆಸ್ಪತ್ರೆಯಲ್ಲಿ. ಒಂದೇ ವೋಟಿನಲ್ಲಿ ಅವಳ ಗುಂಪು ಸೋತಿತು. ಜಾಗ ಯಾರು ಬಾಯಿಬಿಟ್ಟದ್ದು ಅನ್ನೋ ವಿಚಾರಣೆ ಶುರುವಾಯಿತು. ಆ ತೋಟದಲ್ಲಿ ಫೋನ್ ಇದ್ದದ್ದು ಅಡುಗೆಯ ಪುಟ್ಟಮ್ಮನ ಕೈಯಲ್ಲಿ ಮಾತ್ರ. ಆಕೆಯನ್ನು ಕೆಲಸದಿಂದ ಓಡಿಸಿದರು. ನಾನು ಮುಖಂಡರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ, ದೇವರಾಣೆ ಆಕೆಯದೇನೂ ಇಲ್ಲ ಅಂದೆ. "ಕಾರ್ನಿವಲ್ಲಲ್ಲಿ ಜಾಸ್ತಿ ಕುಡಿದಿರಾ ಮೇಡಂ?" ಅಂತ ನಕ್ಕರು. ಥೇಟ್ ನಾನು ನಗುತ್ತಿದ್ದ ಹಾಗೆ.

ಅಕ್ಕನೂ ನಂಬಲಿಲ್ಲ. ಹೋದ ಸಲ ಊರಿಗೆ ಹೋದಾಗ ನನ್ನೊಬ್ಬಳನ್ನೇ ಕರೆದು ಕೂರಿಸಿಕೊಂಡು ಕೇಳಿದಳು: "ಪುಟ್ಟಮ್ಮನೇ ತಾನೇ ಕಣೇ? ನಂಗೊಬ್ಬಳಿಗಾದ್ರೂ ಹೇಳು. ನನ್ನಿಂದ ಅವಳ ಅನ್ನ ಹೋಯ್ತು. ಹೋಗಿ ಕಾಲಿಗೆ ಬೀಳ್ತೀನಿ."

ಪುಟ್ಟಮ್ಮ ಅಲ್ಲ ಅಂದೆ.

"ಮತ್ತೆ ಯಾರ ಕಾಲಿಗೆ ಬೀಳ್ಲೇ ನಾನು?" ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು.