ತೊಟ್ಟಿಯ ಬೇವಿನ ಸೊಪ್ಪು

ಗೆಳೆಯರೇ, ಇಂದು ಬೆಳಿಗ್ಗೆ ನಲ್ಲೂರಿನಲ್ಲಿ ರೆಸಾರ್ಟಿನವರು ಕೆಮ್ಮುವ ಕುದುರೆಯೊಂದಕ್ಕೆ ಊರ ತೊಟ್ಟಿಯಲ್ಲಿ ನೀರು ಕುಡಿಸಿದರು. ಕುದುರೆಗಳಲ್ಲಿ ಅಂಟುರೋಗ ಹರಡಿದಾಗಲೆಲ್ಲ, ಹೊರಗಿನ ಕುದುರೆಗೆ ಇಲ್ಲಿ ನೀರು ಕುಡಿಸಬಾರದೆಂಬ ಗುರುತಾಗಿ ತೊಟ್ಟಿಗೆ ಬೇವಿನ ಸೊಪ್ಪು ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ಕಟ್ಟಿದವನು ಮದುವೆಗಳಿಗೆ ಕುದುರೆ ಕೊಡುವ ಮುನಿಯಪ್ಪ. ಹುಣಸೆ ತೋಪಿನ ಮಂಜಿನಿಂದ ರೆಸಾರ್ಟಿನ ಆ ಬಿಳಿ ಕುದುರೆ ಕನಸಿನಂತೆ ತೇಲಿ ಬಂತು. ನೀರು ಕುಡಿದು ತಲೆಯೆತ್ತಿದರೆ ಹಣೆಯಲ್ಲಿ ಅದೇ ಸೊಪ್ಪು!

"ಅದನ್ಯಾಕಪ್ಪಾ ಕಿತ್ತೆ?" ಎಂದ ಮುನಿಯಪ್ಪ.

"ಫೋಟೊಶೂಟ್ ಗುರು, ಮಂಜಲ್ಲಿ ಹಸಿರು ಸಕತ್ತಾಗಿ ಬರುತ್ತೆ," ಎಂದ ಕುದುರೆ ಹಿಡಿದವನು.

"ನನ್ನ ಕುದುರೆ ಗೌರಿನೂ ಇದೇ ನೀರು ಕುಡಿಯೋದು ಕಣಪ್ಪಾ. ರೋಗ ಅಂಟದಿರ್ಲಿ ಅಂತ ಮದುವೆಗಳ್ನೆಲ್ಲ ಬಿಟ್ಟು ಅವಳ್ನ ಮನೇಲೇ ಕಟ್ಟಾಕಿದೀನಿ."

ಮುನಿಯಪ್ಪ ಇನ್ನೂ ತೊಟ್ಟಿ ಉಜ್ಜುತ್ತಿದ್ದಾನೆ. ರೆಸಾರ್ಟಿನವರೇ, ಫೋಟೊ ಹೇಗೂ ಹಾಕುತ್ತೀರಿ. ಅದರ ಕೆಳಗೇ ಎಲ್ಲರಿಗೂ ಕಾಣುವಂತೆ ಬರೆಯಿರಿ: ಆ ಕುದುರೆಗೆ ರೋಗದ ಪರೀಕ್ಷೆ ಮಾಡಿಸಿದ್ದೀರಾ, ಇಲ್ಲವಾ?