ಎಂಜಿನ್ ಡ್ರೈವರನ ಹೆಬ್ಬೆರಳು

ಕಾಪುವಿನ ನಮ್ಮ ಪಕ್ಕದ ಮನೆಯ ಅಜ್ಜ ಪ್ರಾಯವನ್ನೆಲ್ಲ ಮೀನಿನ ಬೋಟಿನ ಎಂಜಿನ್ ಕೋಣೆಯಲ್ಲೇ ಕಳೆದವರು. ಆ ಗದ್ದಲಕ್ಕೇ ಎರಡೂ ಕಿವಿ ಹೋದದ್ದು, ಇನ್ನು ಬಾರದು ಎಂದು ಡಾಕ್ಟರು ಹೇಳಿದ್ದರು. ಅವರು ಬರೆದುಕೊಟ್ಟ ಕಿವಿಯ ಯಂತ್ರ ಇವರ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು.

"ಕಿವಿ ಹೋದರೆ ಎಂತ? ಕಾಲಿಗೆ ಗೊತ್ತಾಗ್ತದೆ" ಎನ್ನುತ್ತಿದ್ದರು, ಬೀದಿಯ ಆ ತುದಿಗೂ ಕೇಳುವಷ್ಟು ಜೋರಾಗಿ. ಒಮ್ಮೆ ನಮ್ಮ ಬಾವಿಯ ಪಂಪು ತಕರಾರು ಮಾಡಿದಾಗ ಚಪ್ಪಲಿ ಕಳಚಿ ಅದರ ಪಕ್ಕ ನಿಂತರು. "ಬೇರಿಂಗ್ ಹೋಗಿದೆ" ಎಂದರು. ಬೇರಿಂಗೇ ಹೋಗಿತ್ತು.

ಮಗಳಿಗೆ ಮಾತ್ರ ಆ ಕಾಲಿನ ಮೇಲೆ ನಂಬಿಕೆಯಿರಲಿಲ್ಲ. ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. "ಮಗು ಅತ್ತರೆ ಅಪ್ಪನಿಗೆ ಕೇಳುವುದಿಲ್ಲ ಅಕ್ಕಾ, ಹೇಗೆ ಬಿಟ್ಟುಹೋಗುವುದು?" ಎಂದು ನನ್ನೆದುರು ಕಣ್ಣು ತುಂಬಿಕೊಂಡಳು.

ಅವಳ ಮುಖ ನೋಡಿಯೇ ಅವರಿಗೆ ಅರ್ಥವಾಗಿರಬೇಕು. ಒಂದು ದಾರವನ್ನು ತೊಟ್ಟಿಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಬಿಗಿದುಕೊಂಡು ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತರು. ನಾವಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಅವಳ ಕಿವಿಯೆಲ್ಲ ತೊಟ್ಟಿಲಿನ ಕಡೆಗೇ ಇತ್ತು. ಅಳು ಕೇಳಲಿಲ್ಲ.

ಅವರ ಗುಡುಗಿನಂಥ ಸ್ವರ ಕೇಳಿ ಇಬ್ಬರೂ ಓಡಿದೆವು. ಮಗು ಇನ್ನೂ ಅಳಲು ಶುರುಮಾಡಿರಲಿಲ್ಲ. ಎಚ್ಚರವಾಗಿ ಕೈಕಾಲು ಆಡಿಸುತ್ತಾ ಅಜ್ಜನ ತೋಳಿನಲ್ಲಿತ್ತು.

"ಮಗು ಎದ್ದು ಎಷ್ಟು ಹೊತ್ತಾಯ್ತು ಮಾರಾಯ್ತಿ," ಎಂದು ಅವರು ಮಗಳನ್ನು ಗದರಿದರು, "ನಿಮಗೆ ಕಿವಿ ಕೇಳುವುದಿಲ್ವಾ?"